ಸುಣ್ಣದ ಗೋಡೆ, ಅಡ್ಡಾಡುವ ನಾಯಿ

ಹಾಲೆಂಡಿನ ಹಾರ್ಲೆಮ್ ನಗರವನ್ನು ಕೊಂಡಾಡಿ ಸ್ಯಾಮ್ಯುಯೆಲ್ ಆಂಪ್ಸಿಂಗ್ ಎಂಬ ಪಾದ್ರಿ 1628ರಲ್ಲಿ ಒಂದು ಗ್ರಂಥ ಹೊರತಂದ. ಅದರಲ್ಲಿ ಊರಿನ ದೊಡ್ಡ ಚರ್ಚು ಸೇಂಟ್ ಬಾವೊದ ಒಳಭಾಗದ ಅಚ್ಚುಚಿತ್ರವಿದೆ. ಚಿತ್ರ ಬರೆದವನು ಪೀಟರ್ ಸಾನ್‌ರೆಡಮ್, ಅದನ್ನು ತಾಮ್ರದ ತಗಡಿಗೆ ಇಳಿಸಿದವನು ಯಾನ್ ಫಾನ್ ಡೆ ವೆಲ್ಡೆ.

ಇಂಥ ಡಚ್ ಚಿತ್ರಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಬೋಳುತನ. ಅದು ಕಲಾವಿದನ ಕಲ್ಪನೆಯಲ್ಲ. 1566ರಲ್ಲಿ ನೆದರ್‌ಲ್ಯಾಂಡ್ಸ್‌ನ ಊರೂರಲ್ಲಿ ಜನ ಚರ್ಚುಗಳಿಗೆ ನುಗ್ಗಿ ಸಂತರ ಮೂರ್ತಿಗಳನ್ನು ಒಡೆದಿದ್ದರು. ಹಾರ್ಲೆಮ್‌ನ ಸರದಿ ಬಂದದ್ದು 1578ರಲ್ಲಿ. ಸೈನಿಕರು ಸೇಂಟ್ ಬಾವೊವನ್ನು ಲೂಟಿ ಮಾಡಿದರು. ಬಳಿಕ ಅದು ಕ್ಯಾಲ್ವಿನ್ ಪಂಥದವರ ಕೈಸೇರಿತು. ಬಣ್ಣದ ಗೋಡೆಗಳಿಗೆ ಸುಣ್ಣ ಬಿತ್ತು. ಬಲಿಪೀಠದ ಹಿರಿಮೆ ಉಪದೇಶಪೀಠಕ್ಕೆ ಹೋಯಿತು. ದೇವರನ್ನು ಕಾಣುವುದಕ್ಕಿಂತ ದೇವರ ಮಾತನ್ನು ಕೇಳುವುದೇ ಈಗ ಮುಖ್ಯ.

ಹಾಗೆಂದು ಅಲ್ಲಿ ಸದಾ ಗಂಭೀರ ಮೌನವಿತ್ತೆಂದು ತಿಳಿಯಬೇಕಿಲ್ಲ. ಹರಟುತ್ತ ನಡೆಯುವ ಗಂಡಸರು, ಮಕ್ಕಳು, ಭಿಕ್ಷುಕರು, ಕೊನೆಗೆ ನಾಯಿಗಳೂ ಈ ಚಿತ್ರಗಳಲ್ಲಿ ಸಿಗುತ್ತವೆ. ನಾಯಿಗಳನ್ನು ಅಟ್ಟುವುದಕ್ಕೆಂದೇ ಚರ್ಚುಗಳು ಸಂಬಳದ ಆಳನ್ನು ಇಟ್ಟುಕೊಂಡಿದ್ದವು! ಪ್ರಾರ್ಥನೆಯ ವೇಳೆ ಕಳೆದರೆ ಚರ್ಚು ಊರಿನ ಚಾವಡಿಯೇ. ಆರ್ಗನ್ ವಾದ್ಯದ ಕಥೆಯಂತೂ ಸ್ವಾರಸ್ಯಕರ. ಪೂಜೆಯ ಹೊತ್ತಿನಲ್ಲಿ ಅದು ಬೇಡವೆಂದು ಪಾದ್ರಿಗಳ ಹಟ. ಆದರೆ ವಾದ್ಯ ನಗರಾಡಳಿತದ್ದು, ವಾದಕನಿಗೆ ಸಂಬಳ ಕೊಡುವುದೂ ಅದೇ. ಹೀಗಾಗಿ ಪೂಜೆಯ ಹೊರಗಿನ ವೇಳೆಯಲ್ಲಿ ಅದು ಮೊಳಗುತ್ತಿತ್ತು. ಕವಿ ಕಾನ್‌ಸ್ಟಂಟೈನ್ ಹೌಖೆನ್ಸ್ 1641ರಲ್ಲಿ ಆರ್ಗನ್ ಪರವಾಗಿ ಪುಸ್ತಕವನ್ನೇ ಬರೆದ.

ನೆಲದ ಹಾಸುಗಲ್ಲುಗಳ ಅಡಿಯಲ್ಲಿ ಸಮಾಧಿಗಳಿದ್ದವು. ಸಂತರನ್ನು ಹೊರಹಾಕಿದ ಚರ್ಚಿನಲ್ಲಿ ಸಿರಿವಂತರ ಹೆಸರಿಗೆ, ಮನೆತನದ ಲಾಂಛನಕ್ಕೆ ಮಾತ್ರ ಜಾಗ ಉಳಿಯಿತು. ಸಮಾಧಿಯ ಹಣ ಚರ್ಚಿಗೆ ಆದಾಯವಾಗಿತ್ತು. ಸಮಾನತೆ ಸುಣ್ಣದಷ್ಟೇ ತೆಳು ಎನ್ನಬಹುದು. ಡೆಲ್ಫ್ಟ್‌ನಲ್ಲಿ, 1584ರಲ್ಲಿ ಕೊಲೆಯಾದ ಆರೆಂಜ್‌ನ ವಿಲಿಯಂನ ಅಮೃತಶಿಲೆಯ ಸಮಾಧಿ, ಹಿಂದೆ ಬಲಿಪೀಠವಿದ್ದ ಚರ್ಚಿನ ಒಳಭಾಗದಲ್ಲೇ ಎದ್ದುನಿಂತಿತು. ಸಂತರ ಬದಲು ರಾಷ್ಟ್ರನಾಯಕ!

ಕ್ಯಾಥೊಲಿಕರ ಗತಿ? ಅವರ ಬಹಿರಂಗ ಪೂಜೆಗೆ ನಿಷೇಧವಿತ್ತು, ಆದರೆ ಕದ ಮುಚ್ಚಿದ ಮನೆಯೊಳಗಿನದನ್ನು ಅಧಿಕಾರಿಗಳು ಕಂಡೂ ಕಾಣದಂತಿದ್ದರು. ಆಮ್‌ಸ್ಟರ್‌ಡ್ಯಾಮಿನ ಒಂದು ವರ್ತಕನ ಮನೆಯ ಅಟ್ಟದಲ್ಲಿ 1663ರ ಹೊತ್ತಿಗೆ ಸಿದ್ಧವಾದ ಚರ್ಚು ಈಗ ವಸ್ತುಸಂಗ್ರಹಾಲಯ. ಅದೇ ನಗರದಲ್ಲಿ 1675ರಲ್ಲಿ ಪೋರ್ಚುಗೀಸ್ ಯಹೂದಿಗಳ ಭವ್ಯ ಸಿನಗಾಗ್ ಉದ್ಘಾಟನೆಯಾದಾಗ ರೊಮೇನ್ ಡೆ ಹೋಖೆ ಆ ಸಮಾರಂಭದ ಅಚ್ಚುಚಿತ್ರ ಕೊರೆದ. ಯಹೂದಿಗಳು ಎಲ್ಲರೆದುರು ಸಿನಗಾಗ್ ಕಟ್ಟಿಕೊಂಡ ಊರಿನಲ್ಲೇ, ಕ್ಯಾಥೊಲಿಕರು ಅಟ್ಟದ ಮೆಟ್ಟಿಲು ಹತ್ತಬೇಕಾಗಿತ್ತು.