ಒಂದೇ ರಿವಾಲ್ವರ್, ಎರಡು ಬಣ್ಣ: ಬೆಂಕಿ ಬರೆದಿಟ್ಟ ಇತಿಹಾಸ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರು ಆಫೀಸ್ ಕ್ಯಾಬ್‌ನಲ್ಲಿ ಕೂತು ಓದಿಕೊಳ್ಳಲಿ ಅಂತ ಈ ಸಲದ ಮಾತನ್ನೂ ಬರಹದಲ್ಲಿ ಹಾಕುತ್ತಿದ್ದೇನೆ.

ಕೌಬಾಯ್ ಸಿನಿಮಾಗಳ ಆ ರಿವಾಲ್ವರ್ ನಿಮಗೆಲ್ಲ ಗೊತ್ತು. ಅಮೆರಿಕದ ಕೋಲ್ಟ್ ಕಂಪನಿ 1873ರಲ್ಲಿ ತಂದ ಸಿಂಗಲ್ ಆಕ್ಷನ್ ಆರ್ಮಿ ಅದು. ಮುಂದಿನ ಸಲ ಅದರ ಬಣ್ಣ ಗಮನಿಸಿ. ನಳಿಕೆ ಮತ್ತು ಗುಂಡು ತುಂಬುವ ಸಿಲಿಂಡರ್ ಕಡುನೀಲಿ. ನಡುವಿನ ಫ್ರೇಮ್ ಮಾತ್ರ ಬೇರೆ: ಬೂದು, ಕಂದು, ನೀಲಿ, ನೇರಳೆ ಎಲ್ಲಾ ಕಲಸಿಕೊಂಡು, ಮಳೆನೀರಿನ ಮೇಲೆ ಪೆಟ್ರೋಲ್ ಹರಡಿದ ಹಾಗೆ. ನೋಡಿದವರು ಶೋಕಿಗೆ ಮಾಡಿದ್ದು ಅಂದುಕೊಳ್ಳುತ್ತಾರೆ. ನಾನು ಹೇಳೋದು ಇಷ್ಟೇ: ಈ ಎರಡು ಬಣ್ಣ ಹುಟ್ಟಿದ್ದು ಕೆಲಸದಿಂದ. ಅದನ್ನು ಉಜ್ಜಿ ತೆಗೆದರೆ ಒಂದು ದಾಖಲೆಯೇ ಹೋಗುತ್ತೆ.

ಮೊದಲು ಫ್ರೇಮ್ ವಿಷಯ. ಹ್ಯಾಮರ್, ಟ್ರಿಗರ್ ಎಲ್ಲ ಕೂತು ಉಜ್ಜಾಡುವ ಜಾಗ ಅದು. ಮೆತ್ತಗಿನ ಕಬ್ಬಿಣವಾದರೆ ಬೇಗ ಸವೆಯುತ್ತೆ. ಪೂರ್ತಿ ಗಟ್ಟಿ ಮಾಡಿದರೆ ಪೆಟ್ಟಿಗೆ ಬಿರುಕು ಬಿಡುವ ಭಯ. ಹೊರಗೆ ಗಟ್ಟಿ, ಒಳಗೆ ಮೆತ್ತಗೆ, ಎರಡೂ ಬೇಕು. ಅದಕ್ಕೆ ಕಮ್ಮಾರರ ಹಳೇ ಉಪಾಯವೇ ಕೇಸ್ ಹಾರ್ಡನಿಂಗ್. ಮೂಳೆ, ಚರ್ಮ ಸುಟ್ಟ ಇದ್ದಿಲಿನ ಜೊತೆ ಫ್ರೇಮನ್ನು ಪೆಟ್ಟಿಗೆಯಲ್ಲಿ ಮುಚ್ಚಿ, ಕೆಂಪಗೆ ಕಾಯಿಸಿ, ಗಂಟೆಗಟ್ಟಲೆ ಹಾಗೇ ಬಿಡುತ್ತಿದ್ದರು. ಇದ್ದಿಲಿನ ಇಂಗಾಲ ಕಬ್ಬಿಣದ ಮೇಲ್ಮೈಯೊಳಕ್ಕೆ ತೆಳ್ಳಗೆ ಇಳಿಯುತ್ತೆ. ಆಮೇಲೆ ತಣ್ಣೀರಿಗೆ ಹಾಕಿದರೆ ಆ ಪದರ ಗಟ್ಟಿಯಾಗುತ್ತೆ, ಒಳಗಿನದು ಮೆತ್ತಗೇ ಉಳಿಯುತ್ತೆ. ನೀರಿಗೆ ಬೀಳುವ ಹೊತ್ತಿಗೇ ಆಕ್ಸೈಡಿನ ಪೊರೆಯೂ ಮೂಡುತ್ತೆ. ಪೊರೆಯ ದಪ್ಪ ಒಂದೊಂದು ಕಡೆ ಒಂದೊಂದು ಥರ, ಬಣ್ಣವೂ ಹಾಗೇ. ಪೆಟ್ರೋಲಿನ ಹೋಲಿಕೆ ಸುಮ್ಮನೆ ಕೊಟ್ಟದ್ದಲ್ಲ. ತೆಳು ಪೊರೆಯ ಮೇಲೆ ಬೆಳಕು ಆಡುವ ಆಟ ಎರಡೂ ಕಡೆ ಒಂದೇ.

ನಳಿಕೆಗೆ ಈ ಹಾದಿ ಹಿಡಿಸಲ್ಲ. ಕೆಂಪಗೆ ಕಾಸಿ ನೀರಿಗೆ ಹಾಕಿದರೆ ಸೊಟ್ಟಗಾಗಬಹುದು, ಗಡುಸಾಗಬಹುದು. ಗುಂಡಿನ ಒತ್ತಡ ತಡೆಯುವ ಭಾಗಕ್ಕೆ ಅದು ಅಪಾಯ. ಹಾಗಾಗಿ ನಳಿಕೆ, ಸಿಲಿಂಡರ್ ಎರಡನ್ನೂ ಚೆನ್ನಾಗಿ ಪಾಲಿಶ್ ಮಾಡಿ, ಇದ್ದಿಲಿನ ಕುಲುಮೆಯಲ್ಲಿ ಕಡಿಮೆ ಶಾಖದಲ್ಲಿ ಕಾಯಿಸಿ ನೀಲಿ ತರುತ್ತಿದ್ದರು. ಇದೇ ಬ್ಲೂಯಿಂಗ್. ತುಕ್ಕಿಗೆ ಅಷ್ಟಿಷ್ಟು ತಡೆ, ಬಿಸಿಲಿಗೆ ಹೊಳೆಯೋದೂ ಕಡಿಮೆ. ಎರಡು ಭಾಗ, ಎರಡು ಕೆಲಸ, ಎರಡು ಬೆಂಕಿ. ಅದಕ್ಕೇ ಎರಡು ಬಣ್ಣ. ಕೋಲ್ಟ್‌ನ 1851ರ ನೇವಿ ಮಾಡೆಲ್‌ನಲ್ಲೂ ಇದೇ ಜೋಡಿ ಇತ್ತು.

ಮುಂದೆ ನಿಕಲ್ ಲೇಪ ಬಂತು. ಬೆಳ್ಳಿಯ ಹಾಗೆ ಹೊಳಪು, ತುಕ್ಕಿನ ಕಾಟ ಕಡಿಮೆ. ಸ್ಮಿತ್ ಅಂಡ್ ವೆಸನ್‌ನವರ ಹಳೇ ಮಡಚುವ ರಿವಾಲ್ವರ್‌ಗಳಲ್ಲಿ ಒಂದು ಸ್ವಾರಸ್ಯ ಇದೆ. ಮೈಗೆಲ್ಲ ನಿಕಲ್ ಇದ್ದರೂ ಟ್ರಿಗರ್ ಗಾರ್ಡ್ ನೀಲಿ, ಹ್ಯಾಮರ್ ಕೇಸ್ ಹಾರ್ಡನಿಂಗ್‌ನ ಬಣ್ಣ. ಅಂಥದ್ದರಲ್ಲಿ ಟ್ರಿಗರ್ ಗಾರ್ಡ್ ಕೂಡ ನಿಕಲ್ ಆಗಿ ಥಳಥಳ ಅಂದರೆ ಸಂಗ್ರಾಹಕರು ಹುಬ್ಬೇರಿಸುತ್ತಾರೆ. ಯಾರೋ ಆಮೇಲೆ ಲೇಪ ಹಾಕಿಸಿದ್ದಾರೆ ಅನ್ನೋದಕ್ಕೆ ಅದೇ ಸುಳಿವು. ಒಂದೇ ಬಂದೂಕಿನಲ್ಲಿ ನೀಲಿ, ನಿಕಲ್ ಎರಡನ್ನೂ ಬೇಕೆಂದೇ ಸೇರಿಸಿದ್ದಕ್ಕೆ ಅವರು 'ಪಿಂಟೊ' ಅನ್ನುತ್ತಾರೆ. ಪಿಂಟೊ ಅಂದರೆ ಎರಡು ಬಣ್ಣದ ಕುದುರೆ. ಅಂಥದ್ದು ಸಿಕ್ಕರೆ ಮೊದಲ ಪ್ರಶ್ನೆ: ಕಾರ್ಖಾನೆಯಿಂದ ಹಾಗೇ ಬಂತಾ, ಅಥವಾ ಭಾಗ ಬದಲಾಯಿತಾ? ಉತ್ತರ ಹುಡುಕೋಕೆ ಕಂಪನಿಗಳ ಹಳೇ ರವಾನೆ ಪುಸ್ತಕಗಳಿವೆ. ಕ್ರಮಸಂಖ್ಯೆ ಕೊಟ್ಟರೆ ಯಾವತ್ತು ಹೊರಟಿತು, ಫಿನಿಶ್ ಯಾವುದು ಅಂತ ಪತ್ರ ಬರುತ್ತೆ. ನಮ್ಮ ಗಿಟ್ ಲಾಗ್ ಇದ್ದ ಹಾಗೆ ಅಂದುಕೊಳ್ಳಿ. ಆದರೆ ಪುಸ್ತಕ ಹೇಳಿದ್ದನ್ನು ಪರಿಶೀಲಿಸೋಕೆ ಬಂದೂಕಿನ ಮೈಮೇಲೆ ಬಣ್ಣ ಉಳಿದಿರಬೇಕಲ್ಲ!

ಈಗ ಒಳ್ಳೆಯ ಮಿಶ್ರಲೋಹದ ಉಕ್ಕು ಇದೆ. ಫ್ರೇಮನ್ನು ಮೂಳೆ ಇದ್ದಿಲಿನಲ್ಲಿ ಬೇಯಿಸುವ ಅಗತ್ಯ ಉಳಿದಿಲ್ಲ. ಆದರೂ ಹಳೇ ಮಾದರಿಯ ರಿವಾಲ್ವರ್‌ಗಳಿಗೆ ಆ ಬಣ್ಣ ಬೇಕೇ ಬೇಕು ಅನ್ನುವವರಿದ್ದಾರೆ. ಕೆಲವರು ರಾಸಾಯನಿಕದಿಂದ ಬರೀ ಬಣ್ಣ ಹಚ್ಚಿ ಕೊಡುತ್ತಾರೆ. ಒಂದು ಕಾಲದಲ್ಲಿ ಕೆಲಸದ ಗುರುತಾಗಿದ್ದದ್ದು ಈಗ ನಿಜಕ್ಕೂ ಶೋಕಿಯಾಗಿದೆ. ಅಸಲಿ ಬಣ್ಣವೂ ಶಾಶ್ವತ ಅಲ್ಲ. ಬಿಸಿಲಿಗೆ, ಕೈಯ ಉಜ್ಜಾಟಕ್ಕೆ ಮಾಸಿ ಬೂದಾಗುತ್ತೆ. ಯಾವ ಜಾಗ ಮಾಸಿದೆ ಅನ್ನೋದೂ ಅದನ್ನು ಹೇಗೆ ಹಿಡಿದು ಬಳಸಿದರು ಅನ್ನೋದರ ಕಥೆಯೇ.

ನಮ್ಮಲ್ಲಿ ಕೊಡಗಿನವರಿಗೆ ಈ ಮಾತು ನೇರ ತಟ್ಟಬಹುದು. ಕೈಲ್‌ಪೋಳ್ದ್ ಹಬ್ಬಕ್ಕೆ ಊರಿಗೆ ಹೋದಾಗ ಅಜ್ಜನ ಕಾಲದ ಕೋವಿ ಪೂಜೆಗೆ ಇಟ್ಟಿರುತ್ತಾರೆ. ಒರೆಸಿ, ತೆಳ್ಳಗೆ ಎಣ್ಣೆ ಹಚ್ಚಿ, ಸಾಕು. ಫಳಫಳ ಹೊಳೆಯಲಿ ಅಂತ ಸ್ಯಾಂಡ್‌ಪೇಪರ್ ಹಿಡಿಯಬೇಡಿ. ಮಾಸಿದ ಆ ಬಣ್ಣ ಕೊಳೆಯಲ್ಲ, ಒಮ್ಮೆ ಹೋದರೆ ಮತ್ತೆ ಬರಲ್ಲ.

ನಿಮ್ಮ ಮನೆಯಲ್ಲಿ ಇಂಥ ಹಳೇ ಲೋಹದ ಸಾಮಾನು ಏನಿದೆ ಅಂತ ತಿಳಿಸಿ.