ಒಲೆ ಹಚ್ಚದ ನೈವೇದ್ಯ: ಪಾನಕ-ಕೋಸಂಬರಿಗಳ ಇತಿಹಾಸ

ಚೈತ್ರ ಶುದ್ಧ ನವಮಿಯಂದು ಶ್ರೀರಾಮದೇವರಿಗೆ ನಿವೇದಿಸುವ ಪಾನಕ, ನೀರುಮಜ್ಜಿಗೆ ಮತ್ತು ಕೋಸಂಬರಿಗಳು ಯಾವ ಮನೆಗೂ ಹೊಸತಲ್ಲ. ಇವುಗಳನ್ನು ಬೇಯಿಸಬೇಕಾಗಿಲ್ಲ. ಒಗ್ಗರಣೆಯೊಂದೇ ಒಲೆಯ ಕೆಲಸ, ಅದಿಲ್ಲದೆಯೂ ನಡೆಯುತ್ತದೆ. ಇಷ್ಟು ಸರಳವಾದ ಈ ಪದಾರ್ಥಗಳ ಹಿಂದಿರುವ ಇತಿಹಾಸ ಮಾತ್ರ ಬಹು ದೀರ್ಘವಾದುದು.

ಕೋಸಂಬರಿಯ ಮೂಲದ್ರವ್ಯವಾದ ಹೆಸರನ್ನೇ ಮೊದಲು ಪರಿಶೀಲಿಸಬಹುದು. ಬಳ್ಳಾರಿಯ ಸಮೀಪದ ಸಂಗನಕಲ್ಲಿನ ಉತ್ಖನನಗಳಲ್ಲಿ ನವಶಿಲಾಯುಗದ ಜನರು ಬಳಸಿದ ಹೆಸರು ಮತ್ತು ಹುರುಳಿ ಕಾಳುಗಳ ಅವಶೇಷಗಳು ದೊರೆತಿವೆ. ಸುಮಾರು 4000 ವರ್ಷಗಳ ಹಿಂದೆಯೇ ಈ ಧಾನ್ಯಗಳು ಕನ್ನಡ ನೆಲದಲ್ಲಿ ಬೆಳೆಯುತ್ತಿದ್ದವು. ಸೌತೆಕಾಯಿಯ ಮೂಲ ಕಾಡುತಳಿ ಹಿಮಾಲಯದ ತಪ್ಪಲಿನದು. ಮಾವು ಮತ್ತು ಬೇಲದ ಹಣ್ಣುಗಳೂ ಈ ದೇಶದವೇ.

ಗ್ರಂಥಗಳಲ್ಲಿಯೂ ಇದಕ್ಕೆ ಆಧಾರಗಳಿವೆ. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಅನ್ನದೊಂದಿಗೆ ಪಾನೀಯಗಳನ್ನೂ ವಿವರಿಸುತ್ತದೆ. 16ನೆಯ ಶತಮಾನದ ಆದಿಭಾಗದಲ್ಲಿದ್ದ ಮೂರನೆಯ ಮಂಗರಸನು ತನ್ನ ಕನ್ನಡ ‘ಸೂಪಶಾಸ್ತ್ರ’ದಲ್ಲಿ ಪಾನಕಗಳಿಗಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ.

ಮಂಗರಸನ ಕಾಲದ ಅಡುಗೆಮನೆಯಲ್ಲಿ ಇಂದಿನ ಕೋಸಂಬರಿಯ ಒಂದು ಮುಖ್ಯ ವಸ್ತು ಇರಲಿಲ್ಲ, ಅದೇ ಹಸಿಮೆಣಸಿನಕಾಯಿ. ಅಮೆರಿಕ ಖಂಡದ ಈ ಗಿಡವನ್ನು ಭಾರತಕ್ಕೆ ತಂದವರು ಪೋರ್ಚುಗೀಸರು. ಅವರು ಗೋವೆಯನ್ನು ವಶಪಡಿಸಿಕೊಂಡದ್ದು 1510ರಲ್ಲಿ. ಶ್ರೀ ಪುರಂದರದಾಸರ (1484-1564) ಹೆಸರಿನಲ್ಲಿ ಮೆಣಸಿನಕಾಯಿಯನ್ನು ಕುರಿತ ಕೀರ್ತನೆಯೊಂದು ಪ್ರಚಲಿತವಾಗಿದೆ. ಅದು ದಾಸರದೇ ಆಗಿದ್ದಲ್ಲಿ, ಗೋವೆಯ ಪತನದ ನಂತರ ಐವತ್ತು-ಅರವತ್ತು ವರ್ಷಗಳೊಳಗಾಗಿಯೇ ಈ ವಿದೇಶೀ ಕಾಯಿ ಕನ್ನಡಿಗರಿಗೆ ಪರಿಚಿತವಾಗಿತ್ತೆಂದಾಯಿತು.

ಭಾಷೆಯೂ ಇದಕ್ಕೆ ಸಾಕ್ಷಿ ನುಡಿಯುತ್ತದೆ. ಹಿಂದೆ ‘ಮೆಣಸು’ ಎಂದರೆ ಇಂದಿನ ಕಾಳುಮೆಣಸೇ. ಹೊಸ ಕಾಯಿ ಬಂದು ಆ ಹೆಸರನ್ನು ಹಂಚಿಕೊಂಡ ಮೇಲೆ ಹಳೆಯದನ್ನು ಗುರುತಿಸಲು ಕಾಳುಮೆಣಸು, ಕರಿಮೆಣಸು, ಕರಾವಳಿಯಲ್ಲಿ ಒಳ್ಳೆಮೆಣಸು ಎಂಬ ಪದಗಳು ಬೇಕಾದವು. ಶ್ರಾದ್ಧದ ಹಾಗೂ ಚಾತುರ್ಮಾಸ್ಯದ ಶಾಕವ್ರತದ ಅಡುಗೆಯಲ್ಲಿ ಮೆಣಸಿನಕಾಯಿಯನ್ನು ವರ್ಜಿಸಿ ಕಾಳುಮೆಣಸನ್ನೇ ಬಳಸುವ ಪದ್ಧತಿ ಅನೇಕ ಮನೆತನಗಳಲ್ಲಿ ಇಂದಿಗೂ ಉಳಿದಿದೆ. ಐದು ಶತಮಾನಗಳ ಹಿಂದಿನ ರುಚಿಯನ್ನು ವ್ರತದ ಅಡುಗೆಮನೆ ಹೀಗೆ ಕಾಪಾಡಿಕೊಂಡು ಬಂದಿದೆ. ಕೋಸಂಬರಿಗೆ ಈಗ ಹಾಕುವ ಕ್ಯಾರೆಟ್ ಕೂಡ ಹೊರಗಿನಿಂದ ಬಂದದ್ದೇ.

ಬೇಸಿಗೆಯ ಪಾನೀಯ ಮನೆಗೆ ಮಾತ್ರ ಸೀಮಿತವಾಗಿರಲಿಲ್ಲ. ದಾರಿಹೋಕರ ದಾಹ ತಣಿಸುವ ಅರವಟ್ಟಿಗೆಗಳಿಗೆ ಭೂಮಿ ಮತ್ತು ಹಣ ದತ್ತಿ ಬಿಟ್ಟ ಸಂಗತಿಯನ್ನು ಕರ್ನಾಟಕದ ಅನೇಕ ಶಾಸನಗಳು ದಾಖಲಿಸಿವೆ. ರಾಮನವಮಿಯ ದಿನ ಬೀದಿಯಲ್ಲಿ ಪೆಂಡಾಲು ಹಾಕಿ ಪಾನಕ ಹಂಚುವ ರೂಢಿಯಲ್ಲಿ ಆ ಧರ್ಮದ ನೆರಳು ಕಾಣುತ್ತದೆ.

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರಿಗೆ ಇದರ ಬಂಧುಗಳು ಅಕ್ಕಪಕ್ಕದಲ್ಲಿಯೇ ಇದ್ದಾರೆ. ಮಹಾರಾಷ್ಟ್ರದ ಚೈತ್ರಗೌರಿಯ ಅರಿಶಿನ-ಕುಂಕುಮದಲ್ಲಿ ನೆನೆಸಿ ಅರೆದ ಕಡಲೆಬೇಳೆಗೆ ಮಾವಿನಕಾಯಿ ಸೇರಿಸಿದ ‘ಆಂಬೇಡಾಳ್’ ಕೊಡುತ್ತಾರೆ. ತೆಲುಗರಲ್ಲಿ ‘ವಡಪಪ್ಪು-ಪಾನಕಂ’, ತಮಿಳರಲ್ಲಿ ‘ನೀರ್‌ಮೋರ್-ಪಾನಕಂ’ ಉಂಟು. ಮಂಗಳಗಿರಿಯ ನರಸಿಂಹನಿಗಂತೂ ಪಾನಕವೇ ಪ್ರಧಾನ ನೈವೇದ್ಯ. ‘ಪಾನಕಾಲ ನರಸಿಂಹಸ್ವಾಮಿ’ ಎಂಬ ಹೆಸರೇ ಅದರಿಂದ ಬಂದಿದೆ.

ಬೇಯಿಸದ ಆಹಾರದಲ್ಲಿ ಶುಚಿತ್ವವೇ ಪ್ರಧಾನ. ಮಡಿಯ ಕಟ್ಟುನಿಟ್ಟನ್ನು ಈ ದೃಷ್ಟಿಯಿಂದಲೂ ಅರ್ಥಮಾಡಿಕೊಳ್ಳಬಹುದು. ಪಾನಕಕ್ಕೆ ಕುದಿಸಿ ಆರಿಸಿದ ನೀರು ಉತ್ತಮ. ಬೇಳೆಯನ್ನು ಒಂದೆರಡು ಗಂಟೆ ನೆನೆಸಿ, ನೀರು ಬಸಿದು, ಚೆನ್ನಾಗಿ ತೊಳೆದ ತರಕಾರಿಯನ್ನೇ ಸೇರಿಸಬೇಕು. ಉಪ್ಪು ಸೌತೆಕಾಯಿಯ ನೀರನ್ನು ಹೊರಗೆಳೆಯುವುದರಿಂದ ಅದನ್ನು ಬಡಿಸುವ ಮುನ್ನ ಹಾಕಬೇಕು. ಮಧುಮೇಹಿಗಳು ಬೆಲ್ಲದ ಪಾನಕವನ್ನು ತೀರ್ಥದಷ್ಟೇ ಸ್ವೀಕರಿಸಿ ಕೋಸಂಬರಿ, ಮಜ್ಜಿಗೆಗಳಲ್ಲಿ ತೃಪ್ತಿಪಡುವುದು ಲೇಸು.

ಮೆಣಸಿನಕಾಯಿ, ಕ್ಯಾರೆಟ್ಟುಗಳು ಸೇರಿದರೂ ಕೋಸಂಬರಿ ಕೋಸಂಬರಿಯಾಗಿಯೇ ಉಳಿಯಿತು. ಆದರೆ ಬೆಲ್ಲ, ಶುಂಠಿ, ಏಲಕ್ಕಿಗಳ ಸ್ಥಾನಕ್ಕೆ ಬಾಟಲಿಯ ಬಣ್ಣದ ಷರಬತ್ತು ಬಂದರೆ ಪಾನಕದ ಹೆಸರಷ್ಟೇ ಉಳಿದೀತು. ಬರುವ ನವಮಿಗೆ ಮನೆಯ ಮಕ್ಕಳ ಕೈಯಿಂದಲೇ ಬೆಲ್ಲ ಕರಗಿಸಿ, ಬೇಳೆ ನೆನೆಸಿ ಈ ವಿದ್ಯೆಯನ್ನು ಅವರಿಗೆ ದಾಟಿಸಬಹುದು. ಒಲೆಯ ಭಯವಿಲ್ಲದ ಕಾರಣ ಎಂಟು ವರ್ಷದ ಮಗುವೂ ಇದನ್ನು ಕಲಿಯಬಲ್ಲದು.