ಸಂತ ಜೆರೋಮ್ ಚಿತ್ರ ಮತ್ತು ಬಿಜಾಪುರ

ಕಾಡಿನಲ್ಲಿ ತಪಸ್ಸಿಗೆ ಕುಳಿತ ಕ್ರೈಸ್ತ ಸಂತ ಜೆರೋಮ್, ಯುರೋಪಿನ ಪುನರುಜ್ಜೀವನ ಕಾಲದ ಮುದ್ರಣಚಿತ್ರಗಳಲ್ಲಿ ಮತ್ತೆ ಮತ್ತೆ ಬರುವ ವಸ್ತು. ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ ಸುಮಾರು 1496ರಲ್ಲಿ ತಾಮ್ರದ ತಗಡಿನ ಮೇಲೆ ಕೊರೆದ ಚಿತ್ರದಲ್ಲಿ ಸಂತ ಕಲ್ಲು ಹಿಡಿದು ಶಿಲುಬೆಯ ಮುಂದೆ ಮಂಡಿಯೂರಿದ್ದಾನೆ, ಬಳಿಯಲ್ಲಿ ಸಿಂಹವಿದೆ. ಇಂಥ ಹಾಳೆಗಳು ಗೋವೆಯ ಪೋರ್ಚುಗೀಸರ ಹಾಗೂ ಜೆಸ್ವಿಟ್ ಪಾದ್ರಿಗಳ ಮೂಲಕ ಭಾರತದ ಆಸ್ಥಾನಗಳನ್ನು ತಲುಪಿದವು. 1510ರವರೆಗೆ ಗೋವೆ ಬಿಜಾಪುರದ ಆದಿಲ್‌ಶಾಹಿಗಳದೇ ಆಗಿತ್ತು.

ಅಕ್ಬರನ ಚಿತ್ರಕಾರ ಕೇಸುದಾಸ ಬರೆದ ಜೆರೋಮ್ ಇಂದು ಪ್ಯಾರಿಸ್ಸಿನ ಗಿಮೆ ವಸ್ತುಸಂಗ್ರಹಾಲಯದಲ್ಲಿದೆ. ಅದಕ್ಕೆ ಆಧಾರ ಇಟಲಿಯ ಮಾರಿಯೊ ಕಾರ್ತಾರೊನ 1564ರ ಮುದ್ರಣಚಿತ್ರ. ಅದರ ಭಂಗಿ ಬಂದದ್ದು ಮೈಕೆಲೆಂಜೆಲೊ ಬರೆದ ನೋಹನಿಂದ.

ಗೊಂದಲವಿರುವುದು ಮೊಘಲ್ ಚಿತ್ರಕಾರ ಫರ್ರುಖ್ ಬೇಗ್ 1615ರಲ್ಲಿ ಬರೆದ, ಈಗ ದೋಹಾದಲ್ಲಿರುವ ಚಿತ್ರದ ಬಗ್ಗೆ. ಮರದಡಿ ಕುಳಿತ ಮುದುಕನನ್ನು ಕೆಲವರು ಜೆರೋಮ್ ಎಂದೇ ಕರೆದಿದ್ದಾರೆ. ಆದರೆ ಅದರ ಮೂಲ ಮಾರ್ಟೆನ್ ಡಿ ವೋಸ್ ರಚನೆಯಿಂದ ರಾಫೆಲ್ ಸಾದೆಲರ್ 1591ರಲ್ಲಿ ಕೊರೆದ ‘ಡೋಲೋರ್’. ಪ್ರೇಮ, ದುಡಿಮೆ, ಗೌರವ, ದುಃಖ ಎಂಬ ಬಾಳಿನ ನಾಲ್ಕು ಘಟ್ಟಗಳ ಮಾಲೆಯಲ್ಲಿ ಅದು ಕೊನೆಯದು. ಮುದುಕ ಸಂತನಲ್ಲ, ವೃದ್ಧಾಪ್ಯದ ದುಃಖದ ರೂಪ. ಎಪ್ಪತ್ತರ ವಯಸ್ಸಿನಲ್ಲಿ ಬರೆದದ್ದೆಂದು ಚಿತ್ರದ ಬರಹವೇ ಹೇಳುತ್ತದೆ.

ಫರ್ರುಖ್ 1585ರಲ್ಲಿ ಕಾಬೂಲಿನಿಂದ ಅಕ್ಬರನ ಬಳಿ ಬಂದವನು. 1600ರ ನಂತರ ಕೆಲವು ವರ್ಷ ಮೊಘಲ್ ಕೃತಿಗಳಲ್ಲಿ ಅವನ ಸುಳಿವಿಲ್ಲ. 1609ರಲ್ಲಿ ಜಹಾಂಗೀರ್ ಅವನಿಗೆ ಎರಡು ಸಾವಿರ ರೂಪಾಯಿ ಬಹುಮಾನ ಕೊಟ್ಟ. ಈ ನಡುವೆ ಅವನು ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಬಿಜಾಪುರದಲ್ಲಿದ್ದನೆಂದು 1957ರಲ್ಲಿ ಕಲಾ ಇತಿಹಾಸಕಾರ ರಾಬರ್ಟ್ ಸ್ಕೆಲ್ಟನ್ ವಾದಿಸಿದರು. ಕವಿ ಜುಹೂರಿ ಆ ಆಸ್ಥಾನದ ಚಿತ್ರಕಾರನೆಂದು ಹೊಗಳಿದ ಫರ್ರುಖ್ ಹುಸೇನ್ ಇವನೇ ಎಂಬುದು ವಾದದ ತಿರುಳು. ಇಬ್ಬರೂ ಒಬ್ಬನೇ ಎಂಬುದನ್ನು ಎಲ್ಲರೂ ಒಡನೆಯೇ ಒಪ್ಪಲಿಲ್ಲ. ಪ್ರಾಗ್‌ನಲ್ಲಿರುವ, ಇಬ್ರಾಹಿಂ ತಂಬೂರಿ ನುಡಿಸುವ ಚಿತ್ರದ ಮೇಲೆ ಜಹಾಂಗೀರನ ಕಾಲದ ಬರಹ ಫರ್ರುಖ್ ಬೇಗನ ಹೆಸರು ಹೇಳುತ್ತದೆ. ವಾದಕ್ಕೆ ಗಟ್ಟಿ ಆಸರೆ ಇದೇ. 1995ರಲ್ಲಿ ಜಾನ್ ಸೈಲರ್ ಅದನ್ನು ಮುಂದುವರಿಸಿದರು.

ಡಚ್ ನಗರ ಹಾರ್ಲೆಮಿನ ಚಿತ್ರಕಾರ ಕಾರ್ನೆಲಿಸ್ ಹೇಡಾ ಕೂಡ ಇಬ್ರಾಹಿಮನ ಸೇವೆಯಲ್ಲಿದ್ದ. ಯುರೋಪಿನ ಮುದ್ರಣಚಿತ್ರಗಳು ಭಾರತದಲ್ಲಿ ಹೊಸ ರೂಪ ಪಡೆದ ಕಥೆಯನ್ನು ಮೊಘಲರಿಗಷ್ಟೇ ಸೀಮಿತಗೊಳಿಸುವುದು ಸರಿಯಲ್ಲ; ಬಿಜಾಪುರಕ್ಕೂ ಅದರಲ್ಲಿ ಪಾಲಿದೆ.